ಮೂರನೆಯ ಪಟ್ಟಿ

"ನೀನು ಏನು ಓದ್ಬೇಕು ಅನ್ನೋದು ನಿನಗೇ ಬಿಟ್ಟಿದ್ದು. ಅದರಲ್ಲಿ ನಾನು ಕೈ ಹಾಕಲ್ಲ, ಬಾಯೂ ಹಾಕಲ್ಲ" ಎಂದು ಅಪ್ಪ ಮಗಳಿಗೆ ಮಾತು ಕೊಟ್ಟು ಎಂಟು ವರ್ಷವಾಗಿತ್ತು. ಅವಳನ್ನು ಕೇಳದೆ ಶಾಲೆಗೆ ಹೋಗಿ ಚಿತ್ರಕಲೆಯ ತರಗತಿಯಿಂದ ಹೆಸರು ತೆಗೆಸಿದ್ದಕ್ಕೆ, ಆಗ ಹನ್ನೆರಡರ ಹುಡುಗಿ ಹತ್ತು ದಿನ ಅವನೊಡನೆ ಮಾತು ಬಿಟ್ಟಿದ್ದಳು. ಹನ್ನೊಂದನೆಯ ದಿನ ಅವನೇ ಸೋತು, ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಆಡಿದ ಮಾತು ಅದು. ಈಗ ಅರ್ಧ ದಿನ ರಜೆ ಹಾಕಿ, ಅವಳ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ನಿಂತು ತನಗೆ ತಾನೇ ಹೇಳಿಕೊಂಡ: ಬಂದು ನೋಡಿದರೆ ಕೈ ಹಾಕಿದ ಹಾಗಾಗುವುದಿಲ್ಲ.

ಬೋರ್ಡಿನಲ್ಲಿ ಮೂರು ಪಟ್ಟಿ. ಕಂಪ್ಯೂಟರ್ ಓದುವವರು ಕೊನೆಯ ವರ್ಷಕ್ಕೆ ಯಾವ ಬಗೆಯ ಪ್ರೋಗ್ರಾಮಿಂಗ್ ಹಿಡಿಯುತ್ತಾರೆಂಬುದು ಅಂದು ಸಂಜೆ ಐದರೊಳಗೆ ತೀರ್ಮಾನವಾಗಬೇಕಿತ್ತು. ಡೇಟಾ ಕಡೆಗೆ ಎಂಬತ್ತೊಂದು ಹೆಸರು; ಎರಡು ಹಾಳೆ ಸಾಲದೆ ಇನ್ನೊಂದು ಅಂಟಿಸಿದ್ದರು. ಮೊಬೈಲ್ ಆ್ಯಪ್ ಕಡೆಗೆ ಐವತ್ತಾರು. ಮೂರನೆಯದು, ಯಂತ್ರಗಳ ಒಳಗಿನ ಚಿಪ್ಪಿಗೆ ಪ್ರೋಗ್ರಾಂ ಬರೆಯುವುದು. ಅಲ್ಲಿ ಒಂಬತ್ತೇ ಜನ. ಕೊನೆಯ ಹೆಸರು ಮಗಳದು. ಅದರ ಕೆಳಗೆ ಸಣ್ಣಕ್ಷರದಲ್ಲಿ: ಒಂಬತ್ತಕ್ಕಿಂತ ಕಡಿಮೆಯಾದರೆ ಈ ತರಗತಿ ನಡೆಯುವುದಿಲ್ಲ.

ಹಾಗಾದರೆ ಒಂಬತ್ತನೆಯವಳನ್ನು ಯಾರೋ ಹುಡುಕಿ ಹಿಡಿದಿದ್ದಾರೆ, ಎಂದುಕೊಂಡ.

ಅವನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತಾರು ವರ್ಷ ಕೈಕಾಲು ನೆಟ್ಟಗೆ ಉಳಿದದ್ದು ಯಾರ ಮಾತನ್ನೂ ನಂಬದ್ದರಿಂದ. ಕರೆಂಟ್ ತೆಗೆದಿದ್ದೇನೆಂದು ಯಾರು ಆಣೆ ಮಾಡಿದರೂ, ತಾನೇ ಹೋಗಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ಕೆಲಸಕ್ಕೆ ಇಳಿಯುವುದು. ಮನೆಯಲ್ಲೂ ಅದೇ ಬುದ್ಧಿ. ಹಾಲು ಕೆಟ್ಟಿಲ್ಲ ಎಂದರೂ ಮೂಸಿ ನೋಡುತ್ತಾನೆ. "ಮದುವೆಗೆ ಮುಂಚೆ ನನ್ನನ್ನೂ ಟೆಸ್ಟರ್ ಇಟ್ಟು ನೋಡಿದ್ರೇನೋ" ಎನ್ನುತ್ತಾಳೆ ಹೆಂಡತಿ. ಆದರೆ ಈ ಸಲ ತಲೆಗೆ ಹುಳ ಬಿಟ್ಟವಳು ಅವಳೇ. "ಎಲ್ಲಾರೂ ಒಂದು ಕಡೆ ಹೋಗ್ತಿರುವಾಗ ಇವಳೊಬ್ಳು ಯಾಕ್ರೀ ಖಾಲಿ ಕಡೆ ಹೋಗ್ಬೇಕು? ಒಳ್ಳೆ ಮಾರ್ಕ್ಸ್ ಇರೋ ಹುಡುಗಿ. ಯಾರೋ ಕಿವಿ ಊದಿದಾರೆ. ನಾಳೆ ಕೆಲಸ ಸಿಗದೆ ಮನೇಲಿ ಕೂತ್ರೆ ಆ ಯಾರೋ ಬಂದು ಕೇಳ್ತಾರಾ?"

ಪಟ್ಟಿಯ ಕೆಳಗೆ ಸಹಿ ಹಾಕಿದ್ದ ಮೇಡಂ ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ಮೇಜಿನ ಮೇಲೆ ಹಳೆಯ ವಾಷಿಂಗ್ ಮೆಷಿನ್ನಿನ ಬೋರ್ಡು ಬಿಚ್ಚಿ ಹರಡಿತ್ತು. ಮಗಳ ಹೆಸರು ಹೇಳಿದ. ಕೂರಿ ಎಂದರೂ ಕೂರಲಿಲ್ಲ.

"ಒಂಬತ್ತು ಜನ ಬೇಕಂತಲ್ಲ ನಿಮಗೆ."

"ಹೌದು."

"ಸರಿಯಾಗಿ ಒಂಬತ್ತೇ ಇದಾರೆ."

ಮೇಡಂ ನಕ್ಕರು. "ನಾನೇ ಹಿಡ್ಕೊಂಡು ಬಂದೆ ಅಂತೀರಾ? ನಿಮ್ಮ ಮಗಳಿಗೆ ಎರಡು ಸಲ ಬೇಡ ಅಂದೆ. ಡೇಟಾ ಕಡೆ ಬೇಗ ಕೆಲಸ ಸಿಗುತ್ತಮ್ಮಾ, ಇದು ನಿಧಾನ, ಕಷ್ಟ ಅಂದೆ. ಕೇಳ್ಲಿಲ್ಲ."

ಬೇಡ ಬೇಡ ಎನ್ನುತ್ತಲೇ ಮಾರುವವರನ್ನು ಅವನು ಕಂಡಿದ್ದ. "ಈ ತರಗತಿ ನಿಂತು ಹೋದ್ರೆ ನಿಮ್ಮ ಕೆಲಸದ ಗತಿ ಏನು?"

"ಡೇಟಾನೂ ನಾನೇ ಪಾಠ ಮಾಡೋದು. ನನ್ನ ಕೆಲಸ ಎಲ್ಲಿಗೂ ಹೋಗಲ್ಲ." ಕಪಾಟಿನಿಂದ ಒಂದು ಅರ್ಜಿ ತೆಗೆದು ಅವನ ಕಡೆಗೆ ತಿರುಗಿಸಿಟ್ಟರು. "ಓದಿ."

ಯಾಕೆ ಆರಿಸಿಕೊಂಡಿರಿ ಎಂಬ ಪ್ರಶ್ನೆಯ ಕೆಳಗೆ ಮಗಳು ಬರೆದಿದ್ದಳು: ನಮ್ಮ ತಂದೆ ಲಿಫ್ಟ್ ರಿಪೇರಿ ಮಾಡುತ್ತಾರೆ. ಮೊದಲು ಎಲ್ಲವನ್ನೂ ಬಿಚ್ಚಿ ನೋಡುತ್ತಿದ್ದರು. ಹೊಸ ಲಿಫ್ಟುಗಳಲ್ಲಿ ಸೀಲ್ ಮಾಡಿದ ಪೆಟ್ಟಿಗೆ ಬರುತ್ತದೆ, ಕೆಟ್ಟರೆ ಇಡಿಯಾಗಿ ಬದಲಾಯಿಸಬೇಕು. ಅದರೊಳಗೆ ಏನು ಬರೆದಿದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ನನಗೆ ಅದನ್ನು ಓದಲು ಬರಬೇಕು. ಬರೆಯಲೂ ಬರಬೇಕು.

ಎರಡು ಸಲ ಓದಿದ. ಹಾಳೆ ತಿರುವಿ ನೋಡಿದ. ಅವಳದೇ ಅಕ್ಷರ, ಪೆನ್ನು ಒತ್ತಿ ಬರೆದು ಹಿಂಬದಿಯಲ್ಲೂ ಉಬ್ಬಿದ್ದವು. ಹೇಳಿಕೊಟ್ಟು ಬರೆಸಿದ್ದಲ್ಲ. ಊಟಕ್ಕೆ ಕೂತಾಗ ಅವನು ಆ ಪೆಟ್ಟಿಗೆಯನ್ನು ಬೈಯುವುದನ್ನು ವರ್ಷಗಟ್ಟಲೆ ಕೇಳಿಸಿಕೊಂಡವರು ಮಾತ್ರ ಹಾಗೆ ಬರೆದಾರು.

"ನೀವೊಂದು ಹೂಂ ಅಂದ್ರೆ ಅವಳಿಗೂ ಧೈರ್ಯ" ಎಂದರು ಮೇಡಂ. "ಕರೆಸ್ಲಾ? ಪಕ್ಕದ ಲ್ಯಾಬಲ್ಲೇ ಇದಾಳೆ."

"ಬೇಡ ಬೇಡ. ಬಾಯಿ ಹಾಕಲ್ಲ ಅಂತ ಹೇಳಿದೀನಿ ಅವಳಿಗೆ. ಹೂಂ ಅಂದ್ರೂ ಬಾಯಿ ಹಾಕಿದ ಹಾಗೇ ಅಲ್ವಾ."

ಅರ್ಜಿಯನ್ನು ಇದ್ದಲ್ಲೇ ಇಟ್ಟು ಹೊರಬಿದ್ದ. ಲ್ಯಾಬಿನ ಕಿಟಕಿ ದಾಟುವವರೆಗೆ ತಲೆ ಎತ್ತದೆ ಬಿರಬಿರನೆ ನಡೆದ.

ಮಗಳು ಮನೆಗೆ ಬಂದಾಗ ಆರು ಹೊಡೆಯಲು ಹತ್ತು ನಿಮಿಷವಿತ್ತು. ಚಪ್ಪಲಿ ಬಿಟ್ಟು, ಒಳಗೆ ಹೋಗಿ ನೀರು ಕುಡಿದು ಬಂದು ಅವನೆದುರು ಕೂತಳು.

"ಡೇಟಾಗೆ ಬದಲಾಯಿಸ್ಕೊಂಡೆ ಅಪ್ಪಾ."

"ಸದ್ಯ" ಎಂದಳು ಅಮ್ಮ ಅಡುಗೆಮನೆಯಿಂದ.

"ಯಾಕೆ?" ಎಂದ ಅಪ್ಪ.

"ನೀನು ಬಂದಿದ್ದು ಕಿಟಕಿಯಿಂದ ನೋಡ್ದೆ. ಹೋಗಿದ್ದನ್ನೂ ನೋಡ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಲಿಫ್ಟ್ ನೋಡಿ ಎಲ್ಲಾ ನೆಟ್ಟಗಿದ್ರೆ ಮೇಲಿಂದಾನೇ 'ಸರಿ ಇದೆ' ಅಂತ ಕೂಗ್ತೀಯ. ಕೂಗದೆ ಸುಮ್ನೆ ಇಳಿದು ಬಂದ್ರೆ ಯಾರೂ ಹತ್ತಬಾರದು. ನಾನು ಚಿಕ್ಕವಳಿದ್ದಾಗ ನೀನೇ ಹೇಳಿದ್ದಲ್ವಾ. ಇವತ್ತು ನೀನು ಸುಮ್ನೆ ಹೋದೆ."

"ಮೇಡಂನ ಕೇಳ್ಬೋದಿತ್ತಲ್ಲ."

"ಅವರು ಎರಡು ಸಲ ಬೇಡ ಅಂದಿದ್ರು. ಹಾಗಂತಾನೇ ಸೆಳ್ಕೊಳ್ಳೋರೂ ಇರ್ತಾರೆ. ಅವರಿಗೆ ಒಂಬತ್ತು ಜನ ಬೇಕಲ್ಲ."

ಅವನು ಅವಳ ಮುಖವನ್ನೇ ನೋಡಿದ. ಹುಬ್ಬು ಗಂಟಿಕ್ಕುವುದೂ ಅವನಂತೆಯೇ.

"ಉಳಿದ ಎಂಟು ಜನ?"

"ಬೇರೆ ಕಡೆ ಹಾಕ್ತಾರಂತೆ. ನಾನು ಹೊರಡೋ ಹೊತ್ತಿಗೆ ಪಟ್ಟಿ ಕೀಳ್ತಾ ಇದ್ರು."

ಅವಳು ಬ್ಯಾಗಿನಿಂದ ಒಂದು ದಪ್ಪ ಪುಸ್ತಕ ತೆಗೆದು, ಅಲ್ಲಲ್ಲಿ ಸಿಕ್ಕಿಸಿದ್ದ ಗುರುತಿನ ಚೀಟಿಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ನಾಳೆ ಲೈಬ್ರರಿಗೆ ವಾಪಸ್ ಕೊಡಬೇಕು ಎಂದಳು. ಕೆಳಗೆ ಬಿದ್ದ ಒಂದು ಚೀಟಿಯನ್ನು ಅಪ್ಪ ಹೆಕ್ಕಿ ಅವಳ ಕೈಗೆ ಕೊಟ್ಟ. ಅವಳ ಓದಿಗೆ ಅವನು ಕೈ ಹಾಕಿರಲಿಲ್ಲ, ಬಾಯಿಯನ್ನೂ ಹಾಕಿರಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡಿದ್ದ.