ಚಪ್ಪಲಿ ಕಾಯ್ದವಳ ಓಟ

ಒಬ್ಬಳು ರಾಣಿ ಇದ್ದಳಂತೆ. ಏಳು ಕೆರೆಯ ಆಚೆ ಅವಳ ಅರಮನೆ. ಅವಳ ಒಂದು ಕಾಲು ಕಲ್ಲಿನದು. ‘ನಿಮ್ಮನ್ನ ಓಡಿಸಿಯೇ ತೀರುತ್ತೇನೆ’ ಎಂದು ಊರ ಹುಡುಗಿಯೊಬ್ಬಳು ಮಾತು ಕೊಟ್ಟು ಕಾಡಿಗೆ ಹೋದಳಂತೆ. ಮುಂದೇನಾಯಿತೆಂದು ಕೇಳುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು.

ಕತೆ ಹೇಳುತ್ತಿದ್ದವಳು ಉಗರಗೋಳದ ಬಾಯವ್ವ, ನನ್ನ ಅವ್ವನ ತಾಯಿ, ನನ್ನ ಆಯಿ. ಎಳವೆಯ ಜ್ವರದಿಂದ ಅವಳ ಎಡಗಾಲು ಸಣ್ಣಗೆ, ಗಿಡ್ಡವಾಗಿ ಉಳಿದಿತ್ತು. ಗೆಳತಿಯರು ಓಡುವಾಗ ಇವಳು ಅವರ ಚಪ್ಪಲಿ ಕಾಯುತ್ತ ಕೂರುತ್ತಿದ್ದಳಂತೆ. ಅದನ್ನು ಕೇಳಿದ ದಿನ ರಾಣಿ ಯಾರೆಂದು ನನಗೆ ತಿಳಿದುಹೋಯಿತು.

“ಆಯಿ, ನಾ ನಿನ್ನ ಓಡಸ್ತೇನಿ.”

“ಓಡಸವ್ವ. ಹಲ್ಲ ಬಿದ್ದ ಮ್ಯಾಲ ಓಡಸಬ್ಯಾಡ, ಅಷ್ಟಽ.”

ಆಯಿಯ ಹಲ್ಲು ಬಿದ್ದವು. ನಾನು ಬೆಳಗಾವಿಯಲ್ಲಿ ಆಟಗಾರರ ಚಲನೆಯನ್ನು ಅಳೆದು ಕಂಪ್ಯೂಟರಿನೊಳಗೆ ಮರಳಿ ಕಟ್ಟುವ ಸಂಶೋಧಕಿಯಾದೆ. ರಾಮದುರ್ಗ, ಸುರೇಬಾನದ ಓಟಗಾರ್ತಿಯರ ಮೊಣಕಾಲಿಗೆ ಎಲ್ಲಿ ಭಾರ ಬೀಳುತ್ತದೆ, ಹೆಜ್ಜೆ ಹೇಗೆ ಬದಲಿಸಿದರೆ ನೋವು ತಪ್ಪುತ್ತದೆ ಎಂದು ನೋಡುವುದೇ ನನ್ನ ಕೆಲಸ. ಒಂದು ರಜೆಗೆ, ಅದೇ ವಿದ್ಯೆಯಿಂದ ಪರದೆಯ ಮೇಲೆ ಆಯಿಯನ್ನು ಓಡಿಸಿ ಊರಿಗೆ ಒಯ್ದೆ. ಎತ್ತರ, ತೂಕ ಅವಳದೇ.

ಆಯಿ ಕನ್ನಡಕ ಏರಿಸಿ ನೋಡಿದಳು. “ಚೊಲೊ ಓಡತಾಳ. ಯಾರ ಮಗಳವ್ವ ಇಕಿ?”

ಎರಡೂ ಕಾಲನ್ನು ಸಮ ಮಾಡಿಬಿಟ್ಟಿದ್ದೆ. ಆಯಿ ಓಡಬೇಕಾದರೆ ಆಯಿಯ ಕಾಲೇ ಬೇಕು.

ಯರಗಟ್ಟಿ ಮೇಲೆ ಹೋಗುವ ಬಸ್ಸಿನಲ್ಲಿ ಅವಳನ್ನು ಪ್ರಯೋಗಾಲಯಕ್ಕೆ ಕರೆತಂದೆ. ನನ್ನ ಜೊತೆ ಕೆಲಸ ಮಾಡುವ ನಾಜಿಯಾ ಅವಳ ಮೊಣಕಾಲು, ಹಿಮ್ಮಡಿಗೆಲ್ಲ, ಚಲನೆ ಹಿಡಿಯುವ ಕ್ಯಾಮೆರಾಗಳಿಗೆ ಕಾಣುವಂತೆ, ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿದಳು. ಎಡಗೈಯನ್ನು ಎಡತೊಡೆಗೆ ಒತ್ತಿಕೊಂಡು ಆಯಿ ನಡೆದಳು. ಹೆಜ್ಜೆಯ ಭಾರ ಅಳೆಯಲು ನೆಲದಲ್ಲಿ ಕೂರಿಸಿದ ಹಲಗೆ ಬಂದೊಡನೆ ಅದನ್ನು ತುಳಿಯದೆ ಸುತ್ತಿ ಹೋದಳು.

“ಆಯಿ, ಅದರ ಮ್ಯಾಲ ಕಾಲ ಇಡ್ರಿ,” ಎಂದಳು ನಾಜಿಯಾ.

“ಊಟಕ್ಕ ಕುಂದ್ರೂ ಮಣಿ ತುಳೀತಾರೇನ?”

“ಮಣಿ ಅಲ್ಲ ಆಯಿ, ತಕ್ಕಡಿ,” ಎಂದೆ.

“ಅಯ್ಯ! ತಕ್ಕಡಿ ಅಂದ್ರ ಲಕ್ಷ್ಮಿ. ಇಷ್ಟ ಸಾಲಿ ಕಲ್ತು ಇದನ್ನಽ ಕಲ್ತೇನ?”

ನಗು ತಡೆಯಲಾರದ ನಾಜಿಯಾ ತೆಳ್ಳನೆಯ ಚಾಪೆ ತಂದು ಹಲಗೆಯ ಮೇಲೆ ಅಂಟಿಸಿದಳು. “ಚಾಪಿ ತುಳೀಬಹುದಲ್ರಿ?”

ಆಯಿ ಬಾಗಿ ಚಾಪೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. “ಹೊದ್ದ ಮಲಗವ್ವ ತಾಯಿ,” ಎಂದು ಲಕ್ಷ್ಮಿಗೆ ಹೇಳಿ, ನಡೆದಳು.

ಆದರೂ ಕಂಪ್ಯೂಟರಿನೊಳಗಿನ ಆಯಿ ಓಡಲಿಲ್ಲ. ಗಿಡ್ಡಗಾಲು ನೆಲ ಮುಟ್ಟಿದೊಡನೆ ಮಂಡಿ ಮಡಚಿ ಬೀಳುತ್ತಿದ್ದಳು. ತಿಂಗಳುಗಳು ಹೋದವು, ನಾನು ಬರೆಯಬೇಕಿದ್ದ ಪ್ರಬಂಧ ಹಿಂದೆ ಬಿತ್ತು. ನನ್ನ ಗುರು ಯಶೋಧಾ ಮೇಡಂ ಗದರಲಿಲ್ಲ. “ಮೊದಲ ಆಯಿನ್ನ ಎಬ್ಬಸು. ಪ್ರಬಂಧ ಎಲ್ಲಿ ಓಡಿ ಹೋಗತೈತಿ?” ಎಂದರು. ಆ ಮಾತಿನ ಋಣ ಇನ್ನೂ ತೀರಿಲ್ಲ.

ಎಡಗೈ ತೊಡೆಗೊತ್ತಿ ಅಂಗಳದಲ್ಲಿ ಕಸ ಗುಡಿಸುವ ಆಯಿಯನ್ನು ನೆನೆಯುತ್ತ ಕೂತಿದ್ದಾಗ ಒಂದು ದಿನ ಹೊಳೆಯಿತು. ನಾನು ಕಾಲುಗಳನ್ನಷ್ಟೇ ಅವಳವು ಮಾಡಿದ್ದೆ. ಕೈಗಳು ಎಲ್ಲ ಓಟಗಾರರಂತೆ ಗಾಳಿಯಲ್ಲಿ ಬೀಸುತ್ತಿದ್ದವು. ಇಷ್ಟು ವರ್ಷ ಆ ಮಂಡಿ ಮಡಚದಂತೆ ತಡೆದದ್ದು ಅವಳ ಎಡಗೈ. ಕೈಯನ್ನು ತೊಡೆಯ ಮೇಲೆ ಮರಳಿ ಇಟ್ಟೆ.

ಊರಿಗೆ ಹೋಗಿ ಆಯಿಯ ಮುಂದೆ ಪರದೆ ತೆರೆದೆ. ತೊಡೆಗೆ ಕೈಯೊತ್ತಿ, ಒಂದು ಕಡೆಗೆ ವಾಲಿ, ಮತ್ತೆ ಎದ್ದು, ಪರದೆಯೊಳಗಿನ ಆಯಿ ಓಡಿದಳು. ನೋಡುತ್ತಿದ್ದ ಆಯಿಯ ಕೈ ತಾನಾಗಿ ತೊಡೆಯ ಮೇಲೆ ಬಂತು.

“ಹೌದವ್ವ, ಇಕಿ ನಾನಽ,” ಎಂದಳು. ಬಹಳ ಹೊತ್ತು ನೋಡಿದಳು. ಆಮೇಲೆ, “ಚಪ್ಪಲಿ ಯಾರ ಕಾಯಾಕ್ಹತ್ಯಾರ?”

“ನಾ ಕಾಯಾಕ್ಹತ್ತೇನಿ ಆಯಿ. ನೀ ಓಡು.”