ಮರಿಗೆ ಗಿಣ್ಣು, ಕೂಸಿಗೆ ಬೆಣ್ಣೆ?

ಮೊಮ್ಮಗಳು ಹುಟ್ಟಿ ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ಬುರುಲ್ಚಾ ಅಜ್ಜಿ ಕುರಿದೊಡ್ಡಿಯಿಂದ ನೇರ ಊರಿನ ಹೆರಿಗೆ ಕೋಣೆಗೆ ಬಂದಳು. ಕೈಯಲ್ಲಿ ಬಟ್ಟಲು, ಅದರ ತುಂಬ ಕರಗಿಸಿದ ಹಳದಿ ಬೆಣ್ಣೆ. ಹುಟ್ಟಿದ ಕೂಸಿನ ಬಾಯಿಗೆ ಎಲ್ಲಕ್ಕಿಂತ ಮೊದಲು ಬೆಣ್ಣೆ ಬೀಳಬೇಕು. ಕಿರ್ಗಿಜ್ ಸೀಮೆಯ ನಾರಿನ್ ಕಡೆಯ ಅಜ್ಜಿಯರು ಅದನ್ನು ಹಾಕುವ ಹಕ್ಕನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವವರಲ್ಲ.

ಸೊಸೆ ಜಿಪಾರ್ ಮಗುವನ್ನು ಎದೆಗವಚಿಕೊಂಡು ಮಲಗಿದ್ದಳು. ದಾದಿ ಸಾಲ್ಕಿನಾಯ್ ಅಡ್ಡ ಬಂದಳು. ಊರಿನ ಹಿರಿಯ ಹೆಂಗಸರನ್ನು ಅವಳು ಕರೆಯುವುದು ‘ಅಪಾ’, ಅಂದರೆ ಅಮ್ಮ, ಎಂದೇ.

“ಬಟ್ಟಲು ಆ ಕಡೆ ಇಡಿ ಅಪಾ. ಮೊದಲು ತಾಯಿ ಹಾಲು.”

“ನೀನು ಹುಟ್ಟಿದಾಗ ನಿನ್ನ ಬಾಯಿಗೆ ಬೆಣ್ಣೆ ಹಾಕಿದ್ದೇ ನಾನು. ಅದಕ್ಕೇ ನಿಂದು ಇಷ್ಟು ಬಾಯಿ ಜೋರು,” ಎಂದಳು ಅಜ್ಜಿ. “ಆ ಹಾಲು ನೋಡು, ಹಳದಿ, ಅಂಟಂಟು. ಎರಡು ದಿನ ಹಿಂಡಿ ಚೆಲ್ಲಲಿ. ಬಿಳಿ ಹಾಲು ಬಂದಮೇಲೆ ಕುಡಿಸಲಿ.”

“ಬೆಳಿಗ್ಗೆಯಿಂದ ಎಷ್ಟು ಕುರಿ ಈದ್ವು?” ಎಂದು ಕೇಳಿದಳು ಸಾಲ್ಕಿನಾಯ್.

“ನಾಲ್ಕು.”

“ಗಿಣ್ಣು ಚೆಲ್ಲಿ, ಮರಿಗಳಿಗೆ ಬೆಣ್ಣೆ ನೆಕ್ಕಿಸಿ ಬಂದ್ರಾ?”

“ಹುಚ್ಚೀ, ಗಿಣ್ಣು ಕುಡೀದಿದ್ರೆ ಮರಿ ಉಳಿಯುತ್ತಾ? ಒಂದು ಏಳಲಾರದೆ ಬಿದ್ದಿತ್ತು. ನಾನೇ ತಲೆ ಎತ್ತಿ ಹಿಡಿದು ಗಿಣ್ಣು ಕುಡಿಸಿ...” ಎನ್ನುತ್ತ ಅಜ್ಜಿ ಬಟ್ಟಲನ್ನು ಪಕ್ಕಕ್ಕಿಟ್ಟಳು.

“ಇದೂ ಗಿಣ್ಣೇ ಅಪಾ,” ಎಂದಳು ಸಾಲ್ಕಿನಾಯ್. “ತಾಯಿ ಮೈಯೊಳಗೆ ಕಿಣ್ವಗಳು ಅಂತ ಇರ್ತವೆ, ಕಣ್ಣಿಗೆ ಕಾಣದ ಕೆಲಸಗಾರರು. ಅವು ಫ್ಯೂಕೋಸ್ ಅನ್ನೋ ಪುಟ್ಟ ಸಕ್ಕರೆನ ಹಾಲಿನ ಪ್ರೋಟೀನಿಗೆ, ಹಾಲಲ್ಲಿರೋ ಬೇರೆ ಸಕ್ಕರೆಗಳಿಗೆ ಅಂಟಿಸ್ತವೆ. ಮಗು ಕರುಳಲ್ಲೂ ಅಂಥದೇ ಸಕ್ಕರೆ ಇರುತ್ತೆ. ಭೇದಿ ತರೋ ಕೆಲವು ರೋಗಾಣು ಅದನ್ನೇ ಹುಡುಕಿ ಹಿಡ್ಕೊಳ್ತವೆ. ಹಾಲಲ್ಲೇ ಅದು ಸಿಕ್ಕಿದ್ರೆ, ಅದಕ್ಕೆ ಅಂಟ್ಕೊಂಡು ಹೊರಗೆ ಹೋಗಿಬಿಡ್ತವೆ.”

“ನನ್ನ ಹಾಲಲ್ಲೂ ಇರುತ್ತಾ?” ಜಿಪಾರ್ ಮೆಲ್ಲಗೆ ಕೇಳಿದಳು.

“ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತಮ್ಮ, ಕೆಲವರಲ್ಲಿ ಕಡಿಮೆ. ಆದ್ರೂ ಮಗುನ ಕಾಯೋದಕ್ಕೆ ಹಾಲಲ್ಲಿ ಇನ್ನೂ ಬೇಕಾದಷ್ಟಿದೆ. ಬೆಣ್ಣೆಯಲ್ಲಿ ಅದೆಲ್ಲ ಎಲ್ಲಿ ಬರಬೇಕು?”

ಅಜ್ಜಿ ಸ್ಟೂಲಿನ ಮೇಲೆ ಕೂತಳು. “ನನ್ನ ಮೊದಲನೇ ಮಗ ಹದಿನೆಂಟು ದಿನ ಇದ್ದ. ಭೇದಿಯಲ್ಲೇ ಹೋದ. ನಾನೂ ಹಾಲು ಚೆಲ್ಲಿದ್ದೆ, ಮಗಳೇ.”

ಸಾಲ್ಕಿನಾಯ್ ಅಜ್ಜಿಯ ಕೈ ಹಿಡಿದುಕೊಂಡಳು. “ಅದರಿಂದಲೇ ಹೋದ ಅಂತ ಯಾರೂ ಹೇಳೋಕಾಗಲ್ಲ ಅಪಾ. ಆಗ ನಿಮಗೆ ತಿಳಿಸೋರೂ ಯಾರೂ ಇರಲಿಲ್ಲ. ಏಳಿ, ಕೈ ತೊಳ್ಕೊಳ್ಳಿ. ಜಿಪಾರ್‌ಗೆ ಮಗುನ ಹೇಗೆ ಹಿಡಿಯೋದು ಅಂತ ಗೊತ್ತಾಗ್ತಿಲ್ಲ.”

ಅಜ್ಜಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಬೆಳಿಗ್ಗೆ ಕುರಿಮರಿಯನ್ನು ಆನಿಸಿ ಹಿಡಿದಿದ್ದ ಅದೇ ಅಂಗೈಯನ್ನು ಮೊಮ್ಮಗಳ ಕತ್ತಿನ ಹಿಂದೆ ಇಟ್ಟಳು. ಕೂಸು ಎರಡು ಸಲ ತಡವರಿಸಿ, ಮೂರನೆಯ ಸಲಕ್ಕೆ ಬಾಯಿಟ್ಟು ಚೀಪತೊಡಗಿತು.

“ಬೆಣ್ಣೆ ಏನು ಮಾಡೋದು ಅತ್ತೆ?” ಎಂದಳು ಜಿಪಾರ್.

“ರೊಟ್ಟಿಗೆ ಸುರೀತೀನಿ. ನೀನು ತಿನ್ನು,” ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ತಾಯಂದಿರೇ, ಅಜ್ಜಿಯರೇ, ಕೂಸು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿ. ಹಳದಿ ಹಾಲನ್ನು ಚೆಲ್ಲಬೇಡಿ. ಆರು ತಿಂಗಳು ತುಂಬುವವರೆಗೆ ಎದೆಹಾಲಷ್ಟೇ ಸಾಕು; ಬೆಣ್ಣೆ, ಜೇನು, ನೀರು ಏನೂ ಬೇಡ. ದೊಡ್ಡಿಯ ಮರಿಗೆ ಮರೆಯದೆ ಕೊಡುವುದನ್ನು ತೊಟ್ಟಿಲ ಕೂಸಿಗೂ ಕೊಡಿ.