ಪೂಜೆಗೆ ತೊಳೆದ ಮೂರು ಪೈಪುಗಳು

ಡೊಂಬಿವಲಿಯ ಆ ಖೋಲಿಯ ಮೂಲೆಯಲ್ಲಿ ಮೂರು ಪ್ಲಾಸ್ಟಿಕ್ ಪೈಪುಗಳು ವಿಭೂತಿ ಬಳಿಸಿಕೊಂಡು, ಚೆಂಡುಹೂವಿನ ಸರ ತೊಟ್ಟು ಮದುಮಕ್ಕಳಂತೆ ನಿಂತಿದ್ದವು. ಬಾಗಿಲಿಗೆ ಬಂದ ಮಾನಸಿಯ ಮುಖ ಬಿಳಿಚಿಕೊಂಡಿತು.

"ಯಂಕಪ್ಪಣ್ಣ, ಇದರ ಮೇಲೆ ನಾನು ಬರ್ದದ್ದು ಎಲ್ಲಿ?"

"ಖಂಡೆ ಪೂಜಿ ಅಲ್ರೀ ಅಕ್ಕಾರ," ಎಂದ ಯಂಕಪ್ಪ, ಹೆಮ್ಮೆಯಿಂದಲೇ. "ಸುತಗಿ, ಹಾರಿ ಎಲ್ಲಾ ತೊಳದ್ವಿ. ಇವನ್ನಷ್ಟ ಹೊಲಸ ಬಿಡೂದು ಹ್ಯಾಂಗ? ನಮ್ಮಾಕಿ ಘಾಸಲೇಟ್ ಎಣ್ಣಿ ಹಚ್ಚಿ ತಿಕ್ಕ್ಯಾಳ."

ಮಾನಸಿ ಹೊಸ್ತಿಲ ಮೇಲೇ ಕುಳಿತಳು. ಥಾಣೆಯ ನೌಪಾಡಾದ ಹೋಟೆಲಿನವರ ಮಗಳು, ಮೂರು ವರ್ಷದಿಂದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರು ಓದುತ್ತಿದ್ದವಳು. ಕಲ್ಯಾಣ, ದಿವಾ, ಐರೋಳಿ ಮೂರೂ ಕಡೆ ಇಳಿತದ ಹೊತ್ತಿಗೆ ಕೆಸರಿಗಿಳಿದು, ಅದರ ಪದರಗಳನ್ನು ಇದ್ದ ಹಾಗೇ ಎತ್ತಿ ತರಲು ಪೈಪು ಬಡಿಸಿದ್ದಳು. ಬಡಿದವನು ವಿಜಯಪುರದ ಕಡೆಯ ಈ ಗಾರೆ ಕೆಲಸದ ಯಂಕಪ್ಪನೇ. ಎರಡು ಸಾವಿರದ ಒಂಬತ್ತರ ದಸರಾ ಹಬ್ಬದ ರಜೆಗೆ ಗಾಡಿ ಸಿಗದೆ ಪೈಪುಗಳು ಎರಡು ದಿನ ಅವನ ಖೋಲಿಯಲ್ಲಿ ಉಳಿದಿದ್ದವು. ಮೇಲಿನ ತುದಿಗೆ ಕೆಂಪು ಮುಚ್ಚಳವಿತ್ತು, ಅದಿನ್ನೂ ಹಾಗೇ ಇತ್ತು. ಆದರೆ ಯಾವುದು ಯಾವ ಊರಿನದು? ಅದು ಗೊತ್ತಿಲ್ಲದಿದ್ದರೆ ಒಳಗಿನದು ಬರೀ ರಾಡಿ. ಇನ್ನೊಮ್ಮೆ ಕಾಂಡ್ಲಾ ಗಿಡಗಳ ನಡುವೆ ಇಳಿಯುವ ಪರವಾನಗಿಯೂ ಮುಗಿದಿತ್ತು.

"ಇಷ್ಟ ಓದಿದವ್ರು ಒಂದ ಕಡೆ ಅಷ್ಟ ಬರೀತಾರೇನ್ರೀ?" ಚಂದ್ರಬಾಯಿ ಗಂಡನ ಪರ ವಹಿಸಿದಳು.

"ಅದು ನನ್ನದೇ ತಪ್ಪು ಚಂದ್ರಬಾಯಿ," ಎಂದಳು ಮಾನಸಿ. ಬೈದಿದ್ದರೆ ತಾಳಬಹುದಿತ್ತು. ಆ ಮಾತು ಯಂಕಪ್ಪನಿಗೆ ಕುಟುಕಿತು.

ಅವನು ಕಣ್ಣು ಮುಚ್ಚಿದ. ಅಕ್ಷರ ಬಾರದವನು. ಊರ ಮಠದಲ್ಲಿ ಕಂಬಕ್ಕೊರಗಿ ಕೇಳಿ ಕೇಳಿ ಕಲಿತ ಭಜನೆಯ ಪದಗಳೇ ಅವನ ಓದು. ಸುತ್ತಿಗೆ ಎತ್ತಿದರೆ ಪದ ತಾನಾಗಿ ಬಾಯಿಗೆ ಬರುತ್ತಿತ್ತು, ತಾಳಕ್ಕೊಂದು ಪೆಟ್ಟು.

"ಅಕ್ಕಾರ, ಹೆಸರ ಅಳಸ್ಯಾವ, ಪದ ಅಳಸಿಲ್ರೀ. ಮೂರೂ ಕಡೆ ಒಂದ ಪದ ಹಾಡೀನಿ. ಕಲ್ಯಾಣದಾಗ ಪಲ್ಲವಿ ಮುಗದು ಮೊದಲ ನುಡಿ ಹಿಡದಿದ್ದೆ, ಗೇಣು ಸೈತ ಇಳದಿದ್ದಿಲ್ಲ, ಪೈಪ್ ತಡೀತು. ಹಾಡಿದ್ದ ನುಡೀನ ಎರಡ ಸಲ ಹಾಡಿ ದಾಟಿಸೀನಿ. ಐರೋಳ್ಯಾಗ ಮೂರನೇ ನುಡಿಗೆ, ಮೊಳ ಇಳದ ಮ್ಯಾಲ, ಒಳಗ ಕರಕರ ಅಂತು. ದಿವಾದಾಗ ಎಲ್ಲೂ ತಡೀಲಿಲ್ಲ, ಬೆಣ್ಣ್ಯಾಗ ಚಾಕು ಇಳದಂಗ."

"ನನ್ನ ಸಮಾಧಾನಕ್ಕೆ ಹೇಳ್ಬೇಡಿ ಮಾರಾಯ್ರೆ."

"ಶಿವನಾಣಿ ಅಕ್ಕಾರ."

ಮಾನಸಿ ಪುಸ್ತಕ ತೆಗೆದಳು. "ಸರಿ. ಈಗಲೇ ಬರ್ಕೊಳ್ತೇನೆ, ಆಮೇಲೆ ಕುಯ್ಯುವ. ಮೂರರಲ್ಲಿ ಒಂದು ಸುಳ್ಳಾದ್ರೂ ಮೂರನ್ನೂ ಬಿಸಾಡ್ಬೇಕು, ಗೊತ್ತುಂಟಲ್ಲ?"

ಥಾಣೆಯ ಪ್ರಯೋಗಾಲಯದ ಬಾಗಿಲಲ್ಲಿ ಯಂಕಪ್ಪ ಚಪ್ಪಲಿ ಬಿಟ್ಟ. ಬೇಡವೆಂದರೂ ಕೇಳಲಿಲ್ಲ.

ಮೊದಲ ಪೈಪು ಉದ್ದಕ್ಕೆ ಸೀಳಿಕೊಂಡಿತು. ಮೇಲಿಂದ ಕೆಳಗಿನವರೆಗೆ ನುಣ್ಣನೆಯ ಕಪ್ಪು, ಅಲ್ಲಲ್ಲಿ ಎಣ್ಣೆಯ ಹೊಳಪು, ಮೂಗು ಹಿಡಿಯುವ ವಾಸನೆ. ಎಲ್ಲೂ ತಡೆಯಿಲ್ಲ. "ದಿವಾ," ಎಂದ ಯಂಕಪ್ಪ. ಮಾನಸಿ ಪುಸ್ತಕದಲ್ಲಿ ಗೀಟು ಹಾಕಿದಳು.

ಎರಡನೆಯದರಲ್ಲಿ, ಮೊಳದ ಆಳಕ್ಕೆ ಸರಿಯಾಗಿ, ಚಿಪ್ಪುಗಳ ಬಿಳಿ ಸಾಲು. "ಐರೋಳಿ," ಎಂದ ಯಂಕಪ್ಪ. ಅದರ ಕೆಳಗೆ ಕಪ್ಪೆಲ್ಲ ತೀರಿ, ಮಣ್ಣು ಬೂದು ಹಸಿರಿಗೆ ತಿರುಗಿತ್ತು. ಯಂಕಪ್ಪ ಬಗ್ಗಿ ಮೂಸಿದ. ಗಟಾರದ ನಾತವಿಲ್ಲ, ಉಪ್ಪಿನ ವಾಸನೆ ಮಾತ್ರ.

"ಇದು ಕಾರ್ಖಾನೆಗಳು ಬರುವ ಮೊದಲಿನ ನೀರು ತಂದ ಮಣ್ಣು ಇರ್ಬೇಕು," ಮಾನಸಿಯ ದನಿ ತಗ್ಗಿತ್ತು. "ಈ ಕೊನೆಯ ತುದಿ, ನಮ್ಮ ಅಜ್ಜ ಹುಟ್ಟಿದ ಕಾಲದ್ದೋ ಏನೋ. ಲೆಕ್ಕ ಹಾಕ್ಬೇಕು."

ಯಂಕಪ್ಪ ಆ ಪದರಗಳನ್ನು ಮೇಲಿಂದ ಕೆಳಗೆ ನೋಡಿದ. ಇಷ್ಟು ಕಾಲ ಯಾರೂ ಕೇಳದೆ, ಯಾರೂ ಕಾಣದೆ, ಈ ಮಣ್ಣು ದಿನದಿನವನ್ನೂ ಒಂದರ ಮೇಲೊಂದು ಜೋಡಿಸಿಟ್ಟಿದೆ! ಒಂದು ನುಡಿಯನ್ನೂ ಹಿಂದುಮುಂದು ಮಾಡಿಲ್ಲ.

ಮೂರನೆಯ ಪೈಪಿಗೆ ಗರಗಸ ತಾಗುವಾಗ ಇಬ್ಬರೂ ಅದರ ಮೇಲೇ ಬಗ್ಗಿದ್ದರು. ಎರಡು ಹೋಳು ಮೆಲ್ಲಗೆ ಬೇರಾದವು. ಕೆಂಪು ಮುಚ್ಚಳದಿಂದ ಗೇಣಿಗೂ ಕಡಿಮೆ ಆಳದಲ್ಲಿ, ಕರಿ ಕೆಸರಿನ ನಡುವೆ, ಎರಡು ಬೆರಳು ದಪ್ಪದ ದೊರಗು ಮರಳು. ಒತ್ತಾಗಿ ಕೂತು, ಕಿಟಕಿಯ ಬಿಸಿಲಿಗೆ ಮಿನುಗಿತು.

"ಕಲ್ಯಾಣ," ಎಂದಳು ಮಾನಸಿ. ಈ ಸಲ ಹೆಸರು ಹೇಳಿದವಳು ಅವಳೇ. "ಇಷ್ಟು ದಪ್ಪ ಮರಳು ಇಲ್ಲಿಗೆ ಬರ್ಬೇಕಾದ್ರೆ ದೊಡ್ಡ ನೆರೆಯೇ ತರ್ಬೇಕು. ನಾಲ್ಕು ವರ್ಷದ ಕೆಸರು ಮೇಲೆ ಕೂತಿದೆ. ಎರಡು ಸಾವಿರದ ಐದು, ಜುಲೈ. ಹೌದಲ್ಲ?"

ಯಂಕಪ್ಪ ಮರಳಿನ ಹತ್ತಿರಕ್ಕೆ ಸರಿದ. ಆ ಜುಲೈಯಲ್ಲಿ ಅವನು ಚಂದ್ರಬಾಯಿಯ ಕೈ ಹಿಡಿದು ಕಲ್ಯಾಣದ ಚಾಳಿನ ತಗಡಿನ ಮಾಡಿನ ಮೇಲೆ ಒಂದು ಹಗಲು ಒಂದು ಇರುಳು ಕುಳಿತಿದ್ದ. ಕೆಳಗೆ ಹರಿದ ನೀರಿನೊಂದಿಗೆ ಆ ದಿನವೂ ಸಮುದ್ರ ಸೇರಿ ಹೋಯಿತೆಂದೇ ತಿಳಿದಿದ್ದ.

"ಮುಟ್ಟಲೇನ್ರೀ?"

ಅವಳು ಕೈಗವಸು ಕೊಟ್ಟಳು. ಅವನು ಬೆರಳ ತುದಿಯನ್ನು ಮರಳಿಗೆ ತಾಗಿಯೂ ತಾಗದಂತೆ ಇಟ್ಟ. ತುಟಿಗಳು ಅಲುಗುತ್ತಿದ್ದವು. ಪೈಪು ತಡೆದ ಆ ಹೊತ್ತಿನಂತೆಯೇ, ಮೊದಲ ನುಡಿಯನ್ನು ಅವನು ಎರಡನೆಯ ಸಲ ಹಾಡುತ್ತಿದ್ದ.